ಓಟ, ಊರೂರು ತಿರುಗಾಟ, ಮನೆ, ಮುದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವಳು. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲು. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಎಂಟು ವರ್ಷದಿಂದ ಓಡುತ್ತಿದ್ದೇನೆ. ಕೆರೆ ಏರಿಯ ಮೇಲೆ, ರೈಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಬರೆದಿಟ್ಟು, ನನಗೆ ಗೊತ್ತಿರುವ ಉತ್ತರ ಕೊಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಓಟಕ್ಕೆ ಹೆಸರು ಕೊಟ್ಟಾಗಿದ್ದರೆ ನೇರ ಕೊನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ಮ್ಯಾರಥಾನ್ ಅಂದ್ರೆ ಎಷ್ಟು ದೂರ? ಹತ್ತು ಕಿಲೋಮೀಟರೂ ಮ್ಯಾರಥಾನೇ ಅಲ್ವಾ?

ಅಲ್ಲ. ಮ್ಯಾರಥಾನ್ ಅಂದರೆ 42.195 ಕಿ.ಮೀ., ಹಾಫ್ ಅಂದರೆ ಅದರ ಅರ್ಧ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರವನ್ನೇ 1921ರಲ್ಲಿ ಖಾಯಂ ಮಾಡಿದರು, ಅದಕ್ಕೇ ಅಂಕಿ ಅಷ್ಟು ಚಿಲ್ಲರೆಯಾಗಿದೆ. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ, ತುಮಕೂರಿನಿಂದ ಡಾಬಸ್‌ಪೇಟೆ ಮುಟ್ಟಿದರೆ ಹೆಚ್ಚುಕಡಿಮೆ ಹಾಫ್, ನೆಲಮಂಗಲ ಮುಟ್ಟಿದರೆ ಪೂರ್ತಿ. ಹತ್ತು ಕಿಲೋಮೀಟರ್ ಬೇರೆಯೇ ಓಟ. ಮನೆ, ಕೆಲಸ ಎರಡೂ ಇರುವವರಿಗೆ ಮೊದಲ ವರ್ಷ ಅದೇ ಸರಿಯಾದ ಗುರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಂಗೆ ನಲವತ್ತೆರಡು. ಯಾವತ್ತೂ ಓಡಿಲ್ಲ. ಈಗ ಶುರು ಮಾಡಿದ್ರೆ ಮಂಡಿ ಹೋಗಲ್ವಾ ಮೇಡಂ?

ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಬಂದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿಬನ್ನಿ. ಅದಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನ. ಓಡುತ್ತಲೇ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಏದುಸಿರು ಬಂದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ.

ಮಂಡಿ ಕೆಡುವುದು ಹೆಚ್ಚಾಗಿ ಅವಸರದಿಂದ. ಉಸಿರಾಟ ನಾಲ್ಕಾರು ವಾರದಲ್ಲೇ ಹಿಡಿತಕ್ಕೆ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು ಗಟ್ಟಿಯಾಗಲು ಮಾತ್ರ ತಿಂಗಳುಗಟ್ಟಲೆ ಬೇಕು. ಈ ಅಂತರದಲ್ಲೇ ಜನ ಎಡವುತ್ತಾರೆ: ದಮ್ಮು ಬಂತು ಅಂತ ಎರಡನೇ ತಿಂಗಳಲ್ಲಿ ದೂರವನ್ನು ಒಮ್ಮೆಲೇ ಹೆಚ್ಚಿಸುತ್ತಾರೆ, ಮೂರನೇ ತಿಂಗಳಲ್ಲಿ ಹಿಮ್ಮಡಿ ಹಿಡಿದುಕೊಂಡು ಕೂರುತ್ತಾರೆ.

ವಾರಕ್ಕೆ ಎಷ್ಟು ದಿನ ಓಡ್ಬೇಕು? ಎಲ್ರೂ ಆರು ದಿನ ಅಂತಾರೆ.

ನಾಲ್ಕು. ಹಾಫ್‌ಗೂ ನಾಲ್ಕು, ಪೂರ್ತಿ ಮ್ಯಾರಥಾನ್‌ಗೂ ನಾಲ್ಕು. ಮಂಗಳವಾರ ನಿಧಾನ, ಗುರುವಾರ ಸ್ವಲ್ಪ ಜೋರು, ಶನಿವಾರ ನಿಧಾನ, ಭಾನುವಾರ ದೂರದ ಓಟ. ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಆರಾಮದ ವೇಗದಲ್ಲೇ ಇರಲಿ. ಆರು ದಿನ ಓಡಿ ಬಹುಮಾನ ಗೆಲ್ಲುವವರು ಇದ್ದಾರೆ, ಅವರ ದಾರಿ ಬೇರೆ. ಉಳಿದ ಮೂರು ದಿನ ಕಾಲಿಗೂ ಬೇಕು, ಮನೆಗೂ ಬೇಕು.

ಶೂಗೆ ಎಷ್ಟು ಹಾಕ್ಬೇಕು?

ನಿಮ್ಮ ಕಾಲಿಗೆ ಹಿತವಾಗಿರುವುದೇ ಸರಿಯಾದ ಶೂ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ. ಮುಂದೆ ಹೆಬ್ಬೆರಳಗಲ ಜಾಗ ಇರಲಿ. 500ರಿಂದ 800 ಕಿ.ಮೀ. ಆದಮೇಲೆ ಬದಲಾಯಿಸಿ. ಮೊದಲ ಜೊತೆಗೆ ದೊಡ್ಡ ದುಡ್ಡು ಹಾಕುವುದು ಬೇಡ.

ತುಮಕೂರಲ್ಲಿ ಓಡೋಕೆ ಜಾಗ ಎಲ್ಲಿದೆ ಅಕ್ಕ?

ವಾರದ ದಿನಗಳಲ್ಲಿ ಅಮಾನಿಕೆರೆ ಸುತ್ತಮುತ್ತ ಸಾಕು. ಜೋರು ಓಟಕ್ಕೆ ಮಹಾತ್ಮ ಗಾಂಧಿ ಕ್ರೀಡಾಂಗಣ. ಒಂದು ಸುತ್ತು 400 ಮೀಟರ್ ಅಂತ ಖಚಿತ ಲೆಕ್ಕ ಸಿಗುತ್ತದೆ. ದೇವರಾಯನದುರ್ಗದ ರಸ್ತೆ ನನ್ನ ಪ್ರಾಣ. ಊರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಕೊನೆಗೆ ಒಳ್ಳೆಯ ಏರು, ನಡುವೆ ನಾಮದ ಚಿಲುಮೆಯ ನೆರಳು. ಆದರೆ ಅದು ಚಿರತೆ, ಕರಡಿ ಇರುವ ಕಾಡು. ಕತ್ತಲಲ್ಲಿ ಹೋಗಬೇಡಿ, ಒಬ್ಬರೇ ಹೋಗಬೇಡಿ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿಗೆ. ಅಲ್ಲಿಯವರೆಗೆ ಊರೊಳಗೆ ನಾಲ್ಕು ಸುತ್ತು ಹೊಡೆದು ಆಮೇಲೆ ಕಾಡಿನ ಕಡೆ ತಿರುಗಿ.

ಬೆಂಗಳೂರು ಹೆದ್ದಾರಿಯಲ್ಲಿ ಮಾತ್ರ ಓಡಲೇಬೇಡಿ. ಲಾರಿಯವರಿಗೆ ಮುಂಜಾವಿನ ನಿದ್ದೆ ಎಳೆಯುವ ಹೊತ್ತು ಅದು.

## ಮನೆ ಮತ್ತು ಸಮಯ

ಭಾನುವಾರ ಬೆಳಿಗ್ಗೆ ಮೂರು ಗಂಟೆ ಕಾಣೆಯಾದ್ರೆ ಮನೇಲಿ ಮುನಿಸು. ನೀವು ಹೇಗೆ ನಿಭಾಯಿಸ್ತೀರಿ?

ಮೊದಲೆರಡು ವರ್ಷ ನಾನೂ ಸರಿಯಾಗಿ ನಿಭಾಯಿಸಲಿಲ್ಲ. ಐದಕ್ಕೆ ಹೊರಟು ಒಂಬತ್ತಕ್ಕೆ ಬಂದು, ತಿಂಡಿ ತಿಂದು, ಮಧ್ಯಾಹ್ನ ಮೂರರವರೆಗೆ ಮಲಗಿಬಿಡುತ್ತಿದ್ದೆ. ಒಂದು ದಿನ ಮಗ ಅವನ ಅಜ್ಜಿಗೆ ಹೇಳುತ್ತಿದ್ದ: "ಅಮ್ಮ ಭಾನುವಾರ ಮನೇಲಿದ್ರೂ ಇರಲ್ಲ ಅಜ್ಜಿ." ಆ ಮಾತು ಈಗಲೂ ಕಿವಿಯಲ್ಲಿದೆ. ಮನೆಯವರಿಂದ ನಾನು ಕಸಿದುಕೊಂಡಿದ್ದು ಬರೀ ಬೆಳಗಿನ ಹೊತ್ತಲ್ಲ, ಇಡೀ ಭಾನುವಾರ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಎಷ್ಟೇ ದೂರ ಓಡಲಿ, ಎಂಟೂವರೆಗೆ ಸ್ನಾನ ಮಾಡಿ ತಿಂಡಿಗೆ ಎಲ್ಲರ ಜೊತೆ ಕೂತಿರಬೇಕು. 18 ಕಿ.ಮೀ. ಇದ್ದರೆ ಐದಕ್ಕೆ ಹೊರಟರೆ ಸಾಕು. 30 ಇದ್ದರೆ ನಾಲ್ಕಕ್ಕೇ, ಜೊತೆಗಾರರೊಂದಿಗೆ, ದೀಪವಿರುವ ರಸ್ತೆಯಲ್ಲಿ. ಹಾಗೆ ಹೊರಡಬೇಕೆಂದರೆ ಶನಿವಾರ ರಾತ್ರಿ ಎಂಟೂವರೆಗೇ ಹಾಸಿಗೆ. ಅಷ್ಟು ಬೇಗ ಮಲಗಲು ಆಗದ ಶನಿವಾರ, ಭಾನುವಾರದ ದೂರ ಇಳಿಸುತ್ತೇನೆ. ಮಧ್ಯಾಹ್ನದ ನಿದ್ದೆ ಇಪ್ಪತ್ತು ನಿಮಿಷ, ಅಲಾರಾಂ ಇಟ್ಟು.

ಇನ್ನೊಂದು ಮಾತು ಹೆಂಗಸರಿಗೂ ಗಂಡಸರಿಗೂ ಸೇರಿಸಿ ಹೇಳುತ್ತೇನೆ. ಮುನಿಸಿನ ಬೇರು ಹೆಚ್ಚಿನ ಸಲ ಕೆಲಸದಲ್ಲಿ ಇರುತ್ತದೆ. ನೀವು ಓಡುವಾಗ ಹಾಲು ಕಾಯಿಸುವವರು ಯಾರು, ತಿಂಡಿ ಮಾಡುವವರು ಯಾರು, ಮಗುವಿಗೆ ಸ್ನಾನ ಮಾಡಿಸುವವರು ಯಾರು? ಆ ಕೆಲಸ ಬೇರೆಯವರ ತಲೆಗೆ ಬಿತ್ತು ಅಂದರೆ ನಿಮ್ಮ ಓಟದ ಬೆಲೆಯನ್ನು ಅವರು ಕಟ್ಟುತ್ತಿದ್ದಾರೆ ಅಂತ ಅರ್ಥ. ನಮ್ಮ ಮನೆಯಲ್ಲಿ ಭಾನುವಾರದ ಹಿಟ್ಟು ಶನಿವಾರ ನಾನೇ ರುಬ್ಬಿಡುತ್ತೇನೆ, ದೋಸೆ ಹುಯ್ಯುವುದು ಯಜಮಾನರು. ಪ್ರತಿಯಾಗಿ ಭಾನುವಾರ ಸಂಜೆ ಪೂರ್ತಿ ಅವರದ್ದು, ಅವರ ಸ್ನೇಹಿತರದ್ದು.

ತಿಂಗಳಿಗೊಂದು ಸಲ ಇನ್ನೂ ಸೊಗಸಾದ ದಾರಿ ಇದೆ. ನಾವು ನಾಲ್ಕು ಜನ ದೇವರಾಯನದುರ್ಗಕ್ಕೆ ಓಡುತ್ತೇವೆ. ಮನೆಯವರೆಲ್ಲ ಕಾರಿನಲ್ಲಿ ಹಿಂದಿನಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬರುತ್ತಾರೆ. ನರಸಿಂಹಸ್ವಾಮಿ ದರ್ಶನ, ಬೆಟ್ಟದ ಗಾಳಿ, ಊಟ. ಆ ಭಾನುವಾರ ಯಾರಿಗೂ ಏನೂ ನಷ್ಟವಿಲ್ಲ.

ಒಂದು ವರ್ಷದ ಮಗು ಇದೆ, ರಾತ್ರಿ ನಿದ್ದೇನೇ ಇಲ್ಲ. ಆದ್ರೂ ನಾಲ್ಕಕ್ಕೆ ಎದ್ದು ಓಡ್ಲಾ?

ಬೇಡಮ್ಮ. ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ಓಟ ಬಿಟ್ಟು ಮಲಗು. ಓಡಿದ್ದು ಮೈಗೆ ಹತ್ತುವುದೇ ನಿದ್ದೆಯಲ್ಲಿ. ಈ ವರ್ಷ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಸಂಜೆ ನಡೆ, ವಾರಕ್ಕೆರಡು ದಿನ ಮಧ್ಯೆ ಮಧ್ಯೆ ಅರ್ಧ ಗಂಟೆ ಓಡು. ಹೆರಿಗೆಯಾದ ಮೇಲೆ ಇನ್ನೂ ಸೊಂಟನೋವು, ಕೆಮ್ಮಿದರೆ ಮೂತ್ರ ಜಿನುಗುವುದು ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸು. ಅದಕ್ಕೆ ವ್ಯಾಯಾಮವಿದೆ, ಸರಿಹೋಗುತ್ತದೆ. ಮ್ಯಾರಥಾನ್ ಪ್ರತಿ ವರ್ಷ ಬರುತ್ತದೆ.

ಮುಟ್ಟಿನ ದಿನ ಓಡಬಹುದಾ?

ಓಡಬಹುದು. ಮೈ ಒಲ್ಲೆ ಅಂದರೆ ಬಿಡಬಹುದು. ಓಟ ಹೆಚ್ಚಿಸಿದ ಮೇಲೆ ಮುಟ್ಟು ನಿಂತುಹೋದರೆ ಮಾತ್ರ ಗಾಬರಿಪಡಬೇಕಾದ ವಿಷಯ: ಓಡುವಷ್ಟು ತಿನ್ನುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು, ಮೂಳೆಗೆ ಪೆಟ್ಟು. ತಡಮಾಡದೆ ಡಾಕ್ಟರನ್ನು ಕಾಣಿ.

## ಊಟ

ಮುದ್ದೆ ತಿಂದು ಓಡಬಹುದಾ? ಓಡೋರು ಓಟ್ಸ್ ತಿನ್ಬೇಕಂತೆ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಓಟ್ಸ್‌ಗೆ ಹಂಬಲಿಸುವ ಅಗತ್ಯವೇನೂ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ಓಡುವ ಮೂಳೆಗೆ ಅದು ಬೇಕು. ಆದರೆ ಮುದ್ದೆಗೆ ಅದರದೇ ಹೊತ್ತು ಇದೆ. ಅಷ್ಟೇ ಹಿಟ್ಟಿನಲ್ಲಿ 11 ಗ್ರಾಂ ಆಸುಪಾಸು ನಾರು ಇರುವುದರಿಂದ ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ಓಡುವ ಮುಂಚೆ ತಿಂದರೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ. ದೂರದ ಓಟ ಮುಗಿಸಿ ಬಂದ ಮಧ್ಯಾಹ್ನ, ಅಥವಾ ಓಟವಿಲ್ಲದ ದಿನದ ರಾತ್ರಿ, ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ. ಹಿಟ್ಟು, ಕಾಳು, ಸೊಪ್ಪು, ಉಪ್ಪು ನಾಲ್ಕೂ ಒಂದೇ ತಟ್ಟೆಯಲ್ಲಿ. ದೂರ ಓಡುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ಬರೀ ಅನ್ನ ಸಾರಿನಿಂದ ಅದು ಬರುವುದಿಲ್ಲ. ಕಾಳು, ಮೊಸರು, ಮೊಟ್ಟೆ ಅಥವಾ ಮೀನು-ಮಾಂಸ ಸೇರಲೇಬೇಕು.

ಓಡೋ ಮುಂಚೆ ಏನು ತಿನ್ನೋದು? ಮಧ್ಯದಲ್ಲಿ ಆ ಜೆಲ್ ಬೇಕೇ ಬೇಕಾ?

ಒಂದು ಗಂಟೆಯೊಳಗಿನ ಓಟಕ್ಕೆ ಖಾಲಿ ಹೊಟ್ಟೆಯಾದರೂ ನಡೆಯುತ್ತದೆ, ಒಂದು ಬಾಳೆಹಣ್ಣಾದರೂ ಸರಿ. ಒಂದೂವರೆ ಗಂಟೆ ಮೀರಿದರೆ ಓಡುತ್ತಲೇ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು. ಜೆಲ್ ಅಂದರೆ ಅದೇ ಸಕ್ಕರೆ, ಪೊಟ್ಟಣದಲ್ಲಿ. ದೊಡ್ಡ ಪಚ್ಚಬಾಳೆಯಲ್ಲಿ 25 ಗ್ರಾಂ ಹತ್ತಿರ ಸಿಗುತ್ತದೆ. ಎರಡು ದೊಡ್ಡ ಚಮಚ ಬೆಲ್ಲದ ಪುಡಿಯನ್ನು ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಬಾಟಲಿಯಲ್ಲಿ ಕದಡಿಕೊಂಡರೂ ಅಷ್ಟೇ. ತರಬೇತಿಗೆ ನನಗೆ ಇದೇ. ಮ್ಯಾರಥಾನ್ ದಿನ ಮಾತ್ರ ಜೆಲ್ ಇಟ್ಟುಕೊಳ್ಳುತ್ತೇನೆ, ಹೊರಲು ಹಗುರ. ಆದರೆ ಅದನ್ನೂ ನಾಲ್ಕೈದು ದೂರದ ಓಟಗಳಲ್ಲಿ ಹೊಟ್ಟೆಗೆ ರೂಢಿ ಮಾಡಿಸಿರುತ್ತೇನೆ.

ಕಡ್ಲೆಕಾಯಿ ಮಿಠಾಯಿ ಓಡುವಾಗ ಬೇಡ. ಅಗಿಯಲು ಕಷ್ಟ, ಜಿಡ್ಡು ಬೇರೆ. ಎಳನೀರು ಓಟ ಮುಗಿದ ಮೇಲೆ ಅಮೃತ. ಬೆವರಿನಲ್ಲಿ ಹೋಗುವ ಉಪ್ಪು ಮಾತ್ರ ಅದರಲ್ಲಿ ಕಡಿಮೆ, ಹಾಗಾಗಿ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡ್ಬೇಕಾ?

ಯಾಕೆ ಬಿಡಬೇಕು? ಹಬೆಯಲ್ಲಿ ಬೆಂದ ಅಕ್ಕಿ-ಉದ್ದು, ಓಡಿ ಬಂದ ಮೈಗೆ ಅದಕ್ಕಿಂತ ಒಳ್ಳೆಯದು ಹುಡುಕಬೇಕು. ಮೇಲೆ ಬೆಣ್ಣೆ ಇದ್ದರೂ ಪರವಾಗಿಲ್ಲ. ಓಟ ಮುಗಿದ ಒಂದು ಗಂಟೆಯೊಳಗೆ ತಿನ್ನಿ.

ದಿನಾ ಓಡ್ತೀನಿ, ತೂಕ ಮಾತ್ರ ಇಳೀತಿಲ್ಲ.

ಒಂದು ಕಿಲೋಮೀಟರ್ ಓಡಿದರೆ ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 60 ಕಿಲೋ ತೂಕದವರು 5 ಕಿ.ಮೀ. ಓಡಿದರೆ 300. ತುಪ್ಪ ಹಾಕಿದ ಎರಡು ಒಬ್ಬಟ್ಟಿನಲ್ಲಿ ಅಷ್ಟೂ ವಾಪಸ್ ಬಂದುಬಿಡುತ್ತದೆ. ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಒಬ್ಬಟ್ಟು ಬಿಡಿ ಅಂತಲ್ಲ. ತೂಕ ಇಳಿಸುವುದು, ಮ್ಯಾರಥಾನ್‌ಗೆ ತಯಾರಾಗುವುದು ಎರಡನ್ನೂ ಒಂದೇ ಕಾಲದಲ್ಲಿ ಹಿಡಿಯಬೇಡಿ. ಹಸಿದುಕೊಂಡು ದೂರ ಓಡಿದವರಿಗೆ ಕಾಲುಮೂಳೆ ಬಿರುಕು ಬಿಟ್ಟಿದ್ದನ್ನು ನಮ್ಮ ಗುಂಪಿನಲ್ಲೇ ಕಂಡಿದ್ದೇನೆ.

ಮೊದಲಿನಷ್ಟೇ ಓಡ್ತಿದ್ದೀನಿ, ಸುಸ್ತು ಮಾತ್ರ ಜಾಸ್ತಿ. ವಯಸ್ಸಾಯ್ತಾ?

ಇದನ್ನು ಕೇಳುವವರು ಹೆಚ್ಚಾಗಿ ಹೆಂಗಸರು. ವಯಸ್ಸಿನ ಮೇಲೆ ಹಾಕುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ದಾಸ್ತಾನಿದೆ ಎಂದು ತೋರಿಸುವುದು) ಕೂಡ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ನನಗೆ ಆಗಿದ್ದು ಅದೇ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಒಂದು ಗಂಟೆ ಅಂತರ ಇರಲಿ. ಸೊಪ್ಪು-ಕಾಳಿನ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಮಾತ್ರೆ ಡಾಕ್ಟರು ಹೇಳಿದರೆ ಮಾತ್ರ.

## ಪ್ರಯಾಣ

ದಿನಾ ಬೆಂಗಳೂರಿಗೆ ಹೋಗಿಬರೋದ್ರಲ್ಲೇ ಜೀವ ಹೋಗುತ್ತೆ. ಓಟಕ್ಕೆ ಟೈಮೆಲ್ಲಿ?

ನನ್ನದೂ ಅದೇ ಪಾಡು, 70 ಕಿ.ಮೀ. ಹೋಗುವುದು, 70 ಬರುವುದು. ವಾರದ ದಿನ ನಲವತ್ತೈದು ನಿಮಿಷ ಮೀರಿ ನಾನು ಓಡುವುದೇ ಇಲ್ಲ. ಬಟ್ಟೆ, ಶೂ, ಮಕ್ಕಳ ಡಬ್ಬಿಗೆ ಹೆಚ್ಚಿದ ತರಕಾರಿ ಎಲ್ಲ ರಾತ್ರಿಯೇ ತಯಾರು. ಶುಕ್ರವಾರ ಸಂಜೆ ಓಡುತ್ತೇನೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ರೈಲು ತಡವಾಗುತ್ತದೆ, ಮನಸ್ಸು ಕೆಡುತ್ತದೆ. ರೈಲಿನಲ್ಲಿ ಜಾಗ ಸಿಗದೆ ನಿಂತಿದ್ದರೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಹದಿನೈದರಂತೆ ಮೂರು ಸಲ ಮಾಡಿ. ಮೀನಖಂಡ ಗಟ್ಟಿಯಾಗುವುದು ಹೀಗೇ.

ತಿಂಗಳಲ್ಲಿ ಹತ್ತು ದಿನ ಟೂರ್ ಮೇಲೆ ಇರ್ತೀನಿ. ತರಬೇತಿ ತಪ್ಪಿಹೋಗುತ್ತೆ.

ತಿಂಗಳ ಲೆಕ್ಕವನ್ನೇ ಪ್ರಯಾಣಕ್ಕೆ ಹೊಂದಿಸಿ. ಹೇಗಿದ್ದರೂ ನಾಲ್ಕು ವಾರಕ್ಕೊಮ್ಮೆ ದೂರ ಇಳಿಸಿ ಮೈಗೆ ಬಿಡುವು ಕೊಡಬೇಕು. ಆ ಹಗುರ ವಾರವನ್ನು ಟೂರ್ ಇರುವ ವಾರಕ್ಕೆ ತಂದು ಹಾಕಿ. ಹೊರಡುವ ಹಿಂದಿನ ಭಾನುವಾರ ದೂರದ ಓಟ ಮುಗಿಸಿಬಿಡಿ. ಹೋದ ಊರಿನಲ್ಲಿ ಮೂವತ್ತು ನಿಮಿಷ ಓಡಿದರೆ ಸಾಕು, ಅದು ಊರು ನೋಡುವುದಕ್ಕೂ ಒಳ್ಳೆಯ ದಾರಿ: ಬೆಳಗಿನ ಆರಕ್ಕೆ ಹೂವಿನ ಸಂತೆ, ಹಾಲಿನ ಗಾಡಿ, ದೇವಸ್ಥಾನದ ಬಾಗಿಲು ತೆರೆಯುವುದು ಎಲ್ಲ ಕಾಣುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ದಿನ ಜೋರು ಓಟ ಬೇಡ.

ಮಕ್ಕಳ ರಜಾ ಅಂತ ಒಂದು ವಾರ ಓಡಲೇ ಇಲ್ಲ. ಮಾಡಿದ್ದೆಲ್ಲ ನೀರುಪಾಲಾಯ್ತಾ?

ಇಲ್ಲ. ಒಂದು ವಾರಕ್ಕೆ ಲೆಕ್ಕಕ್ಕೆ ಬರುವಂಥದ್ದೇನೂ ಕಳೆಯುವುದಿಲ್ಲ. ಎರಡು ವಾರ ದಾಟಿದ ಮೇಲೆ ದಮ್ಮು ನಿಧಾನಕ್ಕೆ ಇಳಿಯಲು ಶುರುವಾಗುತ್ತದೆ, ಅದೂ ಮರಳಿ ಬರುತ್ತದೆ. ತಪ್ಪಿದ ಓಟಗಳನ್ನೆಲ್ಲ ಮುಂದಿನ ವಾರ ತುರುಕಲು ಮಾತ್ರ ಹೋಗಬೇಡಿ. ಬಿಟ್ಟಿದ್ದು ಬಿಟ್ಟಹಾಗೆಯೇ.

## ಓಟದ ದಿನ ಹತ್ತಿರ ಬಂದಾಗ

ಮುಂಬೈ ಓಟ ಸಂಕ್ರಾಂತಿ ಆದ ತಕ್ಷಣ ಬರುತ್ತೆ. ಎಳ್ಳು-ಬೆಲ್ಲ, ಅವರೆಕಾಳು ಎಲ್ಲ ಬಿಟ್ಟು ಕೂರ್ಬೇಕಾ?

ಇದು ನಮ್ಮ ಕಡೆಯವರಿಗೆ ನಿಜವಾದ ಸಮಸ್ಯೆ. ಮುಂಬೈ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಜನವರಿ ಮೂರನೇ ಭಾನುವಾರ. ಅಂದರೆ ಹಬ್ಬ ಮುಗಿದು ಒಂದು ವಾರದೊಳಗೆ. ಆ ಕಾಲಕ್ಕೆ ನಮ್ಮಲ್ಲಿ ಸೊಗಡಿನ ಅವರೆ ಉಕ್ಕಿ ಹರಿಯುತ್ತಿರುತ್ತದೆ; ಹಿದುಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ದಿನಾ ಒಂದೊಂದು.

ಹಬ್ಬ ಬಿಡಬೇಡಿ. ಕೊನೆಯ ಎರಡು ಮೂರು ವಾರ ಓಟದ ದೂರ ಹೇಗೂ ಇಳಿಸಿರುತ್ತೀರಿ, ಹಾಗಾಗಿ ಹಬ್ಬದ ಬೆಳಿಗ್ಗೆ ಬಿಡುವಿರುತ್ತದೆ. ಹಬ್ಬದ ದಿನ ಅವರೆ ಧಾರಾಳವಾಗಿ ತಿನ್ನಿ. ಓಟಕ್ಕೆ ಮೂರು ದಿನ ಇದ್ದಾಗ ಅವರೆ, ಹುರುಳಿ, ಮುದ್ದೆ, ಹಸಿ ತರಕಾರಿ ನಿಲ್ಲಿಸಿ, ಹೊಟ್ಟೆ ಹಗುರ ಇರಬೇಕು. ಆಗ ಅನ್ನ, ಇಡ್ಲಿ, ಅವಲಕ್ಕಿ, ಮೊಸರನ್ನ, ಬಾಳೆಹಣ್ಣು ಎಂದಿಗಿಂತ ಹೆಚ್ಚು ತಿನ್ನಿ. ಸಿಹಿ ಪೊಂಗಲ್ ತುಪ್ಪ ಕಡಿಮೆ ಮಾಡಿದರೆ ಆಗುತ್ತದೆ. ಸಕ್ಕರೆ ಅಚ್ಚು ಕೂಡ ಆಗುತ್ತದೆ, ಮಕ್ಕಳು ಬಿಟ್ಟುಕೊಟ್ಟರೆ. ಎಳ್ಳು-ಕೊಬ್ಬರಿಯಲ್ಲಿ ಜಿಡ್ಡು ಹೆಚ್ಚು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಒಳ್ಳೆ ಮಾತಾಡಿ, ಉಳಿದದ್ದನ್ನು ಡಬ್ಬಿಯಲ್ಲಿಡಿ. ಈ ದಿನಗಳಲ್ಲಿ ಒಂದೆರಡು ಕಿಲೋ ತೂಕ ಏರಿದರೆ ಹೆದರಬೇಡಿ: ಮೈ ಒಂದು ಗ್ರಾಂ ಗ್ಲೈಕೋಜನ್ (ತಿಂದ ಸಕ್ಕರೆ ಅಂಶವನ್ನು ಮೈ ದಾಸ್ತಾನು ಮಾಡುವ ರೂಪ) ಕೂಡಿಟ್ಟರೆ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಕಾಲೇ ಏಳಲ್ಲ. ಯಾಕೆ?

ಕೂಡಿಟ್ಟ ಆ ಗ್ಲೈಕೋಜನ್ ಖಾಲಿಯಾಗುವ ಹೊತ್ತು ಅದು. ಸ್ನಾಯು, ಪಿತ್ತಜನಕಾಂಗ ಸೇರಿ ಸುಮಾರು 2000 ಕ್ಯಾಲೊರಿ ದಾಸ್ತಾನು. ಕಿಲೋಮೀಟರಿಗೆ ಪ್ರತಿ ಕಿಲೋ ತೂಕಕ್ಕೆ ಒಂದು ಕ್ಯಾಲೊರಿ ಅಂತ ಮೇಲೆ ಹೇಳಿದ ಲೆಕ್ಕದಲ್ಲಿ 60 ಕಿಲೋ ಮೈಗೆ ಅದು 32–33 ಕಿ.ಮೀ.ಗೆ ಮುಗಿಯುತ್ತದೆ. ಮೈಯ ಕೊಬ್ಬೂ ಸ್ವಲ್ಪ ಉರಿಯುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಆದರೂ ಅಂದಾಜು ಸಿಗುತ್ತದೆ. ಮುಂಬೈಯಲ್ಲಿ ಸರಿಯಾಗಿ ಆ ಹಂತದಲ್ಲೇ ಪೆಡ್ಡರ್ ರಸ್ತೆಯ ಏರು ಬರುತ್ತದೆ. ದೇವರಾಯನದುರ್ಗದ ಮುಂದೆ ಅದು ಏನೇನೂ ಅಲ್ಲ, ಆದರೆ ಬರಿದಾದ ಕಾಲಿಗೆ ಬೆಟ್ಟವೇ. ಮೊದಲ ಹತ್ತು ಕಿಲೋಮೀಟರ್ ನಿಧಾನ ಓಡಿ, ಅರ್ಧ ಗಂಟೆಯಿಂದಲೇ ಸಕ್ಕರೆ ಅಂಶ ತೆಗೆದುಕೊಳ್ಳಲು ಶುರು ಮಾಡಿ.

ಕಡಲ ತೀರದ ಮುಂಬೈಯ ಸೆಕೆ ಇನ್ನೊಂದು. ನಾವು 800 ಮೀಟರ್ ಎತ್ತರದಲ್ಲಿ, ಒಣ ತಂಪು ಗಾಳಿಯಲ್ಲಿ ಓಡಿದವರು. ಅಲ್ಲಿ ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಸೆಕೆಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಕೊನೆಯ ಎರಡು ವಾರದ ಹಗುರ ಓಟಗಳನ್ನು ಬೆಳಿಗ್ಗೆ ಹತ್ತರ ಬಿಸಿಲಿಗೆ ಇಟ್ಟುಕೊಂಡರೆ ಸ್ವಲ್ಪ ಅನುಕೂಲ.

ದಾರಿಯಲ್ಲಿ ಸಿಗೋ ನೀರೆಲ್ಲ ಕುಡೀಬೇಕಾ? ನೋವಿನ ಮಾತ್ರೆ ನುಂಗಿ ಓಡಬಹುದಾ?

ಬಾಯಾರಿದಾಗ ಕುಡಿಯಿರಿ, ಹೊಟ್ಟೆ ಕುಲುಕಾಡುವಷ್ಟು ಬೇಡ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಗಲಿಬಿಲಿ, ಪ್ರಾಣಕ್ಕೇ ಅಪಾಯ. ನಿಧಾನ ಓಡುವವರಿಗೇ ಇದರ ಭಯ ಹೆಚ್ಚು. ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿ ದೂರ ಓಡಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಂತು ಸಹಾಯ ಕೇಳಿ.

ಓಟಕ್ಕೆ ಮನೆಯವರನ್ನೂ ಕರ್ಕೊಂಡು ಹೋಗೋದು ಒಳ್ಳೇದಾ, ಒಬ್ಬರೇ ಹೋಗೋದಾ?

ಕರೆದುಕೊಂಡು ಹೋಗಿ, ಆದರೆ ಸುತ್ತಾಟವನ್ನು ಓಟದ ನಂತರಕ್ಕೆ ಇಡಿ. ನಾನು ಮೊದಲ ಸಲ ಶನಿವಾರವಿಡೀ ಮಕ್ಕಳ ಜೊತೆ ತಿರುಗಿ, ಭಾನುವಾರ ಅರ್ಧ ದಾರಿಗೇ ಸೋತುಹೋದೆ. ಈಗ ಶುಕ್ರವಾರ ರೈಲು ಇಳಿಯುವ ಹಾಗೆ ಹೊರಡುತ್ತೇವೆ. ಹುಬ್ಬಳ್ಳಿ, ಪುಣೆ ಮೇಲೆ ಹೋಗುವ ರೈಲಿನಲ್ಲಿ ಹತ್ತಿರ ಹತ್ತಿರ ಒಂದು ದಿನ ಹಿಡಿಯುತ್ತದೆ, ಬುತ್ತಿ ಮನೆಯದೇ. ಶನಿವಾರ ನಾನು ಕೋಣೆಯಲ್ಲಿ, ಅವರು ಊರಿನಲ್ಲಿ. ಭಾನುವಾರ ಮಧ್ಯಾಹ್ನದಿಂದ ಮಂಗಳವಾರದವರೆಗೆ ಮಕ್ಕಳು ಎಲ್ಲಿಗೆ ಅಂದರೆ ಅಲ್ಲಿಗೆ, ಏನು ಕೇಳಿದರೆ ಅದು ತಿಂಡಿ. ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲು ಇಳಿದು ದೋಣಿ ಹತ್ತುವಾಗ ತೊಡೆ ಕಿರುಗುಟ್ಟುತ್ತದೆ, ಮಗಳು ಕೈ ಹಿಡಿದುಕೊಳ್ಳುತ್ತಾಳೆ.

ಓಟ ಮುಗಿದ ಮೇಲೆ ಮತ್ತೆ ಯಾವಾಗ ಶುರು ಮಾಡೋದು?

ಮ್ಯಾರಥಾನ್ ಆಗಿದ್ದರೆ ಒಂದು ವಾರ ಬರೀ ನಡಿಗೆ, ಎರಡನೇ ವಾರ ಮನಸ್ಸಾದರೆ ಅರ್ಧರ್ಧ ಗಂಟೆ ಓಟ. ಮುಂದಿನ ಓಟಕ್ಕೆ ಹೆಸರು ಕೊಡುವ ಮಾತನ್ನು ಆ ಎರಡು ವಾರ ಮನೆಯಲ್ಲಿ ನಾನು ಎತ್ತುವುದೇ ಇಲ್ಲ. ಅವರೆಯ ಕಾಲ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಅತ್ತೆ ನನಗೋಸ್ಕರ ನೆನೆಸಿ, ಹಿದುಕಿ ಎತ್ತಿಟ್ಟ ಬೇಳೆಯ ಸಾರು, ಮುದ್ದೆ ಮಾಡುತ್ತಾರೆ. ಆ ರಾತ್ರಿ ಅಲಾರಾಂ ಇಡುವುದಿಲ್ಲ.